ಮಾದರಿ ವಿಮಾನಗಳಲ್ಲಿ ಬ್ರಷ್‌ರಹಿತ ಮೋಟಾರು ಹಾಗೂ ಲಿಥಿಯಂ ಬ್ಯಾಟರಿ: ವರ್ತಕರು ಅರಿಯಬೇಕಾದ ಲೆಕ್ಕ

ಹವ್ಯಾಸ ಸಾಮಗ್ರಿಗಳ ಅಂಗಡಿಗೆ ಗ್ರಾಹಕನೊಬ್ಬನು ಹಳೆಯ ವಿದ್ಯುತ್ ಚಾಲಿತ ಮಾದರಿ ವಿಮಾನವೊಂದನ್ನು ಹಿಡಿದು ಬರುತ್ತಾನೆ. ಅದರ ನಿಕ್ಕೆಲ್–ಕ್ಯಾಡ್ಮಿಯಂ ಬ್ಯಾಟರಿ ಸತ್ತಿದೆ. "ಈಗ ಲಿಥಿಯಂ ಬ್ಯಾಟರಿ ಬಂದಿದೆಯಲ್ಲ, ಅದನ್ನೇ ಕೊಡಿ" ಎಂದು ಕೇಳುತ್ತಾನೆ. ವರ್ತಕನು ಕೇಳಿದ್ದನ್ನು ಕೊಟ್ಟು ಹಣ ಪಡೆಯುತ್ತಾನೆ. ವಾರದೊಳಗೆ ಗ್ರಾಹಕನು ಸುಟ್ಟ ಮೋಟಾರಿನೊಡನೆ ಮರಳಿ ಬರುತ್ತಾನೆ. ಕೊಟ್ಟ ಬ್ಯಾಟರಿಯಲ್ಲಿ ದೋಷವಿಲ್ಲ, ಮೋಟಾರಿನಲ್ಲಿಯೂ ಮೊದಲು ದೋಷವಿರಲಿಲ್ಲ. ಎರಡೂ ಒಂದಕ್ಕೊಂದು ಹೊಂದುವಂಥವಾಗಿರಲಿಲ್ಲ, ಅಷ್ಟೆ. ಆದರೆ ನಷ್ಟವನ್ನು ಯಾರ ಖಾತೆಗೆ ಬರೆಯಬೇಕೆಂಬ ವಾದವು ಅಂಗಡಿಯ ಕಟ್ಟೆಯ ಮೇಲೆಯೇ ನಡೆಯುತ್ತದೆ.

ಮಾದರಿ ವಿಮಾನವು ಆಟದ ವಸ್ತುವೆಂದು ಈ ಪ್ರಸಂಗವನ್ನು ಕಡೆಗಣಿಸುವಂತಿಲ್ಲ. ಬ್ರಷ್‌ರಹಿತ ಮೋಟಾರು, ಎಲೆಕ್ಟ್ರಾನಿಕ್ ವೇಗ ನಿಯಂತ್ರಕ ಮತ್ತು ಲಿಥಿಯಂ ಬ್ಯಾಟರಿ ಎಂಬ ಈ ಮೂರು ಸಾಮಗ್ರಿಗಳೇ ಇಂದು ಡ್ರೋನ್‌ಗಳಲ್ಲಿಯೂ ವಿದ್ಯುತ್ ದ್ವಿಚಕ್ರ ವಾಹನಗಳಲ್ಲಿಯೂ ಬಳಕೆಯಲ್ಲಿವೆ. ಹವ್ಯಾಸಿಗಳ ಕಿರು ಮಾರುಕಟ್ಟೆಯಲ್ಲಿ ಎರಡು ದಶಕಗಳ ಹಿಂದೆ ಕಲಿತ ಪಾಠಗಳು ಇಂದಿನ ದೊಡ್ಡ ಮಾರುಕಟ್ಟೆಗೂ ಅನ್ವಯಿಸುತ್ತವೆ. ಅವುಗಳಲ್ಲಿ ಮುಖ್ಯವಾದುದು ಒಂದೇ: ಇಲ್ಲಿ ಮಾರಾಟವಾಗಬೇಕಾದುದು ಬಿಡಿಭಾಗವಲ್ಲ, ಹೊಂದಾಣಿಕೆ.

ಹಿನ್ನೆಲೆ

ವಿದ್ಯುತ್ತಿನಿಂದ ಮಾದರಿ ವಿಮಾನವನ್ನು ಹಾರಿಸುವ ಪ್ರಯತ್ನ ಹೊಸದೇನಲ್ಲ. ಬ್ರಿಟನ್ನಿನ ಕರ್ನಲ್ ಟ್ಯಾಪ್ಲಿನ್ ಅವರು 1957ರಲ್ಲಿ 'ರೇಡಿಯೋ ಕ್ವೀನ್' ಎಂಬ ರೇಡಿಯೋ ನಿಯಂತ್ರಿತ ಮಾದರಿಯನ್ನು ಬೆಳ್ಳಿ–ಸತು ಬ್ಯಾಟರಿಯ ಬಲದಿಂದ ಹಾರಿಸಿದ್ದರು. ಅಮೆರಿಕದ ಆಸ್ಟ್ರೋ ಫ್ಲೈಟ್ ಸಂಸ್ಥೆಯ ಬೌಷರ್ ಸಹೋದರರು 1974ರ ನವೆಂಬರ್‌ನಲ್ಲಿ 'ಸನ್‌ರೈಸ್' ಎಂಬ ಸೌರಶಕ್ತಿ ಚಾಲಿತ ಮಾನವರಹಿತ ವಿಮಾನವನ್ನು ಹಾರಿಸಿದರು. ಆದರೂ ಹವ್ಯಾಸಿಗಳ ನಡುವೆ ದೀರ್ಘಕಾಲ ಮೇಲುಗೈ ಪಡೆದಿದ್ದುದು ಮಿಥನಾಲ್ ಮಿಶ್ರಿತ ಇಂಧನದ ಪುಟ್ಟ ಎಂಜಿನುಗಳೇ. ವಿದ್ಯುತ್ ವಿಮಾನವು ಭಾರವಾದುದು, ದುರ್ಬಲವಾದುದು ಎಂಬ ಭಾವನೆ ಬಲವಾಗಿತ್ತು. ಅದು ಬಹುಮಟ್ಟಿಗೆ ಸತ್ಯವೂ ಆಗಿತ್ತು.

ಈ ಸ್ಥಿತಿಯನ್ನು ಬದಲಿಸಿದ ಕಾರಣಗಳು ಮೂರು. ಮೊದಲನೆಯದು, 1980ರ ದಶಕದಲ್ಲಿ ಬಂದ ನಿಯೋಡಿಮಿಯಂ ಆಯಸ್ಕಾಂತ. ಗಾತ್ರದಲ್ಲಿ ಕಿರಿದಾದರೂ ಬಲದಲ್ಲಿ ಹಿರಿದಾದ ಈ ಆಯಸ್ಕಾಂತದಿಂದ ಹಗುರವಾದ ಮೋಟಾರು ಸಾಧ್ಯವಾಯಿತು. ಎರಡನೆಯದು, ಕಡಿಮೆ ಬೆಲೆಯ ವಿದ್ಯುನ್ಮಾನ ಸ್ವಿಚ್ಚುಗಳು ಮತ್ತು ಸೂಕ್ಷ್ಮ ನಿಯಂತ್ರಕಗಳು. ಮೂರನೆಯದು, 1991ರಲ್ಲಿ ಸೋನಿ ಸಂಸ್ಥೆಯು ವಾಣಿಜ್ಯ ರೂಪದಲ್ಲಿ ಹೊರತಂದ ಲಿಥಿಯಂ ಅಯಾನ್ ಬ್ಯಾಟರಿ. ಮೊಬೈಲ್ ದೂರವಾಣಿಗಾಗಿ ಬೆಳೆದ ಈ ತಂತ್ರವು ಲಿಥಿಯಂ ಪಾಲಿಮರ್ ಎಂಬ ಚಪ್ಪಟೆ ಚೀಲದ ರೂಪದಲ್ಲಿ 2000ದ ದಶಕದ ಆರಂಭದ ವರ್ಷಗಳಲ್ಲಿ ಮಾದರಿ ವಿಮಾನಗಳಿಗೆ ಬಂದಿತು.

ಹಳೆಯ ಮೋಟಾರಿನಲ್ಲಿ ಸುರುಳಿಯು ತಿರುಗುತ್ತದೆ, ಆಯಸ್ಕಾಂತವು ನಿಂತಿರುತ್ತದೆ. ತಿರುಗುವ ಸುರುಳಿಗೆ ಕಾರ್ಬನ್ ಬ್ರಷ್‌ಗಳ ಉಜ್ಜುವಿಕೆಯಿಂದ ವಿದ್ಯುತ್ ತಲುಪಬೇಕು. ಅಲ್ಲಿ ಕಿಡಿ, ಶಾಖ, ಸವೆತ ತಪ್ಪುವುದಿಲ್ಲ. ಬ್ರಷ್‌ರಹಿತ ಮೋಟಾರಿನಲ್ಲಿ ಸುರುಳಿಯು ನಿಂತಿರುತ್ತದೆ, ಆಯಸ್ಕಾಂತವು ತಿರುಗುತ್ತದೆ. ಮೂರು ತಂತಿಗಳ ಮೂಲಕ ಸರದಿಯಂತೆ ವಿದ್ಯುತ್ ಹರಿಸುವ ಕೆಲಸವನ್ನು ವೇಗ ನಿಯಂತ್ರಕವು ಮಾಡುತ್ತದೆ. ಸವೆಯುವ ಭಾಗವೆಂದರೆ ಬೇರಿಂಗ್ ಮಾತ್ರ.

ಹಳತು–ಹೊಸತರ ತುಲನೆ

ಜರ್ಮನಿಯ ಗ್ರೌಪ್ನರ್ ಸಂಸ್ಥೆಯು 'ಸ್ಪೀಡ್ 400' ಎಂಬ ಹೆಸರಿನಲ್ಲಿ ಮಾರಿದ ಬ್ರಷ್ ಮೋಟಾರು ಒಂದು ಕಾಲದಲ್ಲಿ ಹವ್ಯಾಸಿಗಳ ಮನೆಮಾತಾಗಿತ್ತು. ಅಂತಹ ವಿಮಾನವೊಂದನ್ನು ಉದಾಹರಣೆಯಾಗಿ ಪರಿಶೀಲಿಸಬಹುದು. ಮೋಟಾರಿನ ತೂಕ ಸುಮಾರು 72 ಗ್ರಾಂ. ಅದಕ್ಕೆ 600 ಮಿಲಿ ಆಂಪಿಯರ್ ಗಂಟೆಯ ಏಳು ನಿಕ್ಕೆಲ್–ಕ್ಯಾಡ್ಮಿಯಂ ಸೆಲ್‌ಗಳ, 8.4 ವೋಲ್ಟಿನ ಬ್ಯಾಟರಿ. ತೂಕ ಸುಮಾರು 135 ಗ್ರಾಂ. ಬ್ಯಾಟರಿಯಲ್ಲಿ ಅಡಗಿರುವ ಶಕ್ತಿ ಸುಮಾರು 5 ವಾಟ್ ಗಂಟೆ. ಮೋಟಾರಿನ ದಕ್ಷತೆ ಶೇ. 55ರಷ್ಟೆಂದು ಹಿಡಿದರೆ ಪ್ರೊಪೆಲ್ಲರಿಗೆ ತಲುಪುವುದು 2.8 ವಾಟ್ ಗಂಟೆ ಮಾತ್ರ. ಉಳಿದುದು ಶಾಖವಾಗಿ ವ್ಯರ್ಥವಾಗುತ್ತದೆ.

ಇದರ ಸ್ಥಾನದಲ್ಲಿ ಸುಮಾರು 50 ಗ್ರಾಂ ತೂಕದ, ಹೊರಕವಚವೇ ತಿರುಗುವ ಬ್ರಷ್‌ರಹಿತ ಮೋಟಾರು ಹಾಗೂ 1300 ಮಿಲಿ ಆಂಪಿಯರ್ ಗಂಟೆಯ ಮೂರು ಸೆಲ್‌ಗಳ, 11.1 ವೋಲ್ಟಿನ ಲಿಥಿಯಂ ಪಾಲಿಮರ್ ಬ್ಯಾಟರಿಯನ್ನು ಇಟ್ಟರೆ ಬ್ಯಾಟರಿಯ ತೂಕ ಸುಮಾರು 110 ಗ್ರಾಂ, ಶಕ್ತಿ 14.4 ವಾಟ್ ಗಂಟೆ. ಬ್ಯಾಟರಿಯ ಆಯುಷ್ಯದ ದೃಷ್ಟಿಯಿಂದ ಅದರ ಶೇ. 80ನ್ನು ಮಾತ್ರ ಬಳಸಬೇಕು. ಮೋಟಾರಿನ ದಕ್ಷತೆ ಶೇ. 78ರಷ್ಟೆಂದು ಹಿಡಿದರೆ ಪ್ರೊಪೆಲ್ಲರಿಗೆ ತಲುಪುವುದು ಸುಮಾರು 9 ವಾಟ್ ಗಂಟೆ. ಅಂದರೆ ವಿಮಾನದ ತೂಕ ಸುಮಾರು 45 ಗ್ರಾಂ ಇಳಿದು, ಉಪಯುಕ್ತ ಶಕ್ತಿಯು ಮೂರು ಪಟ್ಟಿಗೂ ಅಧಿಕವಾಗುತ್ತದೆ.

ಈ ಲಾಭವು ಎರಡೂ ಬದಲಾವಣೆಗಳು ಒಟ್ಟಿಗೆ ನಡೆದಾಗ ದೊರೆಯುವಂಥದು ಎಂಬುದನ್ನು ಗಮನಿಸಬೇಕು. ಬ್ಯಾಟರಿಯನ್ನು ಮಾತ್ರ ಬದಲಿಸಿದ ಗ್ರಾಹಕನಿಗೆ ಏನಾಯಿತೆಂಬುದು ಆಗಲೇ ತಿಳಿದಿದೆ. ಅದರ ಕಾರಣವೂ ಲೆಕ್ಕಕ್ಕೆ ಸಿಗುವಂಥದೇ. ಹತ್ತು ಆಂಪಿಯರ್ ಹೊರೆಯಲ್ಲಿ ಹಳೆಯ ಬ್ಯಾಟರಿಯ ವೋಲ್ಟೇಜು 7.4ರ ಆಸುಪಾಸಿಗೆ ಕುಸಿಯುತ್ತಿತ್ತು. ಲಿಥಿಯಂ ಬ್ಯಾಟರಿಯು ಅದೇ ಹೊರೆಯಲ್ಲಿ 11ರ ಸಮೀಪ ನಿಲ್ಲುತ್ತದೆ. ವೋಲ್ಟೇಜು ಒಂದೂವರೆ ಪಟ್ಟಾದರೆ ಪ್ರೊಪೆಲ್ಲರಿನ ವೇಗವೂ ಹೆಚ್ಚುಕಡಿಮೆ ಆ ಪ್ರಮಾಣದಲ್ಲಿ ಏರಲೆತ್ನಿಸುತ್ತದೆ. ಆದರೆ ಪ್ರೊಪೆಲ್ಲರು ಬೇಡುವ ಶಕ್ತಿಯು ವೇಗದ ಘನಕ್ಕೆ ಅನುಗುಣವಾಗಿ, ಅಂದರೆ ಮೂರು ಪಟ್ಟಿಗೂ ಮಿಗಿಲಾಗಿ ಏರುತ್ತದೆ. ವಿದ್ಯುತ್ ಪ್ರವಾಹವು ಸುಮಾರು ಎರಡು ಪಟ್ಟಾಗುತ್ತದೆ. ಹತ್ತು ಆಂಪಿಯರಿಗೆ ರೂಪಿಸಿದ ಬ್ರಷ್‌ಗಳು ಅದನ್ನು ಬಹಳ ಹೊತ್ತು ತಾಳಲಾರವು.

ಸರಪಳಿಯ ನಾಲ್ಕು ಕೊಂಡಿಗಳು

ಪ್ರೊಪೆಲ್ಲರು, ಮೋಟಾರು, ವೇಗ ನಿಯಂತ್ರಕ, ಬ್ಯಾಟರಿ ಇವು ಒಂದೇ ಸರಪಳಿಯ ಕೊಂಡಿಗಳು. ಆಯ್ಕೆಯು ಪ್ರೊಪೆಲ್ಲರಿನಿಂದ ಆರಂಭವಾಗಿ ಬ್ಯಾಟರಿಯಲ್ಲಿ ಮುಗಿಯಬೇಕು. ವ್ಯವಹಾರದಲ್ಲಿ ಸಾಮಾನ್ಯವಾಗಿ ನಡೆಯುವುದು ಇದರ ವಿಪರೀತ.

ಬ್ರಷ್‌ರಹಿತ ಮೋಟಾರಿನ ಮೇಲೆ 'ಕೆವಿ' ಎಂಬ ಸಂಖ್ಯೆಯೊಂದಿರುತ್ತದೆ. ಹೊರೆಯಿಲ್ಲದಾಗ ಪ್ರತಿ ವೋಲ್ಟಿಗೆ ನಿಮಿಷಕ್ಕೆ ಎಷ್ಟು ಸುತ್ತು ಎಂಬುದು ಅದರ ಅರ್ಥ. 1000 ಕೆವಿ ಮೋಟಾರು 11.1 ವೋಲ್ಟಿನಲ್ಲಿ 11,100 ಸುತ್ತು ತಿರುಗುತ್ತದೆ. ಈ ಸಂಖ್ಯೆಯು ಹೆಚ್ಚಿದ್ದಷ್ಟೂ ಮೋಟಾರು ಉತ್ತಮವೆಂದು ಭಾವಿಸುವ ಗ್ರಾಹಕರು ಬಹಳ. ವಾಸ್ತವದಲ್ಲಿ ಕೆವಿ ಹೆಚ್ಚಿದ್ದರೆ ಕಿರಿದಾದ ಪ್ರೊಪೆಲ್ಲರು ಬೇಕು, ಕಡಿಮೆಯಿದ್ದರೆ ಹಿರಿದಾದುದು ಸಲ್ಲುತ್ತದೆ. ನಿಧಾನವಾಗಿ ಹಾರುವ ತರಬೇತಿ ವಿಮಾನಕ್ಕೆ ದೊಡ್ಡ ಪ್ರೊಪೆಲ್ಲರು ನಿಧಾನವಾಗಿ ತಿರುಗುವುದೇ ಲಾಭಕರ. ಹೆಚ್ಚು ಗಾಳಿಯನ್ನು ಮೆಲ್ಲಗೆ ತಳ್ಳಿದಾಗ ಪ್ರತಿ ವಾಟಿಗೆ ದೊರೆಯುವ ನೂಕುಬಲ ಅಧಿಕ. ಸ್ಪೀಡ್ 400ರ ಕಾಲದಲ್ಲಿ ಇದಕ್ಕಾಗಿ ಹಲ್ಲುಚಕ್ರಗಳ ಪೆಟ್ಟಿಗೆಯನ್ನು ಜೋಡಿಸಬೇಕಾಗುತ್ತಿತ್ತು. ಹೊರಕವಚ ತಿರುಗುವ ಮೋಟಾರು ಆ ವೆಚ್ಚವನ್ನು ಉಳಿಸಿತು.

ಮೋಟಾರು ಪೂರ್ಣ ಹೊರೆಯಲ್ಲಿ 11 ಆಂಪಿಯರ್ ಎಳೆಯುವುದಾದರೆ ವೇಗ ನಿಯಂತ್ರಕವು ಕನಿಷ್ಠ 15ರಿಂದ 18 ಆಂಪಿಯರಿನದಾಗಿರಬೇಕು. ಬ್ಯಾಟರಿಯ ಸಾಮರ್ಥ್ಯ ಅದಕ್ಕೂ ಮಿಗಿಲಾಗಿರಬೇಕು. ಬ್ಯಾಟರಿಯ ಮೇಲಿನ 'ಸಿ' ಸಂಖ್ಯೆಯು ಇದನ್ನೇ ಸೂಚಿಸುತ್ತದೆ: 1300 ಮಿಲಿ ಆಂಪಿಯರ್ ಗಂಟೆಯ ಬ್ಯಾಟರಿಗೆ 20 ಸಿ ಎಂದಿದ್ದರೆ 26 ಆಂಪಿಯರ್ ಕೊಡಬಲ್ಲದೆಂಬುದು ತಯಾರಕರ ಹೇಳಿಕೆ. ಹೇಳಿಕೆಯನ್ನು ಅರ್ಧಕ್ಕೆ ಇಳಿಸಿ ಲೆಕ್ಕ ಹಾಕುವುದು ಅನುಭವಿಗಳ ರೂಢಿ. ಬ್ರಷ್ ಮೋಟಾರಿನ ಹಳೆಯ ನಿಯಂತ್ರಕವು ಮೂರು ತಂತಿಗಳ ಮೋಟಾರಿಗೆ ಸರ್ವಥಾ ಸಲ್ಲದು. ಮೋಟಾರು ತಿರುವುಮುರುವಾಗಿ ತಿರುಗಿದರೆ ಮೂರರಲ್ಲಿ ಯಾವುದಾದರೂ ಎರಡು ತಂತಿಗಳನ್ನು ಅದಲುಬದಲು ಮಾಡಿದರೆ ಸಾಕು. ಬ್ಯಾಟರಿಯ ತಂತಿಗಳನ್ನು ಅದಲುಬದಲು ಮಾಡಿದರೆ ನಿಯಂತ್ರಕವು ಕ್ಷಣಾರ್ಧದಲ್ಲಿ ಹಾಳಾಗುತ್ತದೆ.

ಕೊನೆಯದಾಗಿ, ಮೂತಿಯ ಭಾಗದಲ್ಲಿ ತೂಕ ಇಳಿದಾಗ ವಿಮಾನದ ಗುರುತ್ವ ಕೇಂದ್ರ ಹಿಂದಕ್ಕೆ ಸರಿಯುತ್ತದೆ. ಹೊಸ ಬ್ಯಾಟರಿಯನ್ನು ಮುಂದಕ್ಕೆ ಸರಿಸಿ ಅದನ್ನು ಮೊದಲಿನ ಸ್ಥಾನಕ್ಕೆ ತರದಿದ್ದರೆ ಉಳಿದೆಲ್ಲ ಖರ್ಚೂ ಮೊದಲ ಹಾರಾಟದಲ್ಲಿಯೇ ಮಣ್ಣುಪಾಲಾಗಬಹುದು.

ಚಾರ್ಜರ್ ಎಂಬ ಮರೆತ ಬಾಬತ್ತು

ಪಟ್ಟಿಯಲ್ಲಿ ಬಹಳಷ್ಟು ಸಲ ಬಿಟ್ಟುಹೋಗುವ ವಸ್ತುವೆಂದರೆ ಚಾರ್ಜರ್. ಅಪಾಯವೂ ಅಲ್ಲಿಯೇ ಅಡಗಿದೆ. ಲಿಥಿಯಂ ಪಾಲಿಮರ್ ಸೆಲ್ ಒಂದರ ವೋಲ್ಟೇಜು ಪೂರ್ಣ ತುಂಬಿದಾಗ 4.2; ಅದನ್ನು ಮೀರಬಾರದು. ಬಳಸುವಾಗ 3.0ಕ್ಕಿಂತ ಕೆಳಗೆ ಇಳಿಯಬಾರದು. ನಿಕ್ಕೆಲ್ ಬ್ಯಾಟರಿಯ ಚಾರ್ಜರ್, ವೋಲ್ಟೇಜು ಶಿಖರ ಮುಟ್ಟಿ ತುಸು ಇಳಿಯುವುದನ್ನು ಗುರುತಿಸಿ ನಿಲ್ಲುವಂಥದು. ಲಿಥಿಯಂ ಬ್ಯಾಟರಿಯಲ್ಲಿ ಆ ಇಳಿತ ಉಂಟಾಗುವುದೇ ಇಲ್ಲ. ಚಾರ್ಜರ್ ನಿಲ್ಲುವುದೂ ಇಲ್ಲ. ಬ್ಯಾಟರಿಯು ಉಬ್ಬಿ, ಬಿಸಿಯಾಗಿ, ಕೊನೆಗೆ ಬೆಂಕಿ ಹೊತ್ತಿಕೊಳ್ಳುತ್ತದೆ.

ಆದುದರಿಂದ ಪ್ರತಿಯೊಂದು ಸೆಲ್ಲನ್ನೂ ಪ್ರತ್ಯೇಕವಾಗಿ ಅಳೆದು ಸಮತೋಲನಗೊಳಿಸುವ ಚಾರ್ಜರನ್ನು ಬ್ಯಾಟರಿಯೊಡನೆಯೇ ಮಾರುವುದು ಒಳಿತು. ಗ್ರಾಹಕನ ಬಳಿ ಅದು ಇಲ್ಲವೆಂದಾದರೆ ಬ್ಯಾಟರಿಯ ಮಾರಾಟವನ್ನೇ ಕೈಬಿಡುವ ದೃಢತೆ ವರ್ತಕನಿಗಿರಬೇಕು. ಒಂದು ಬಿಲ್ಲಿನ ಲಾಭಕ್ಕಿಂತ ಗ್ರಾಹಕನ ಮನೆಯ ಸುರಕ್ಷತೆ ದೊಡ್ಡದು. ಉಬ್ಬಿದ ಅಥವಾ ಅಪಘಾತದಲ್ಲಿ ಜಜ್ಜಿಹೋದ ಬ್ಯಾಟರಿಯನ್ನು ಮತ್ತೆ ಚಾರ್ಜ್ ಮಾಡಬಾರದು, ಚಾರ್ಜ್ ಆಗುವಾಗ ಹತ್ತಿರದಲ್ಲಿ ಜನರಿರಬೇಕು, ಮರದ ಮೇಜಿನ ಮೇಲೆ ಇಡಬಾರದು ಎಂಬ ಸೂಚನೆಗಳನ್ನು ಕನ್ನಡದಲ್ಲಿ ಮುದ್ರಿಸಿ ಬಿಲ್ಲಿನೊಡನೆ ಕೊಡುವುದಕ್ಕೆ ತಗಲುವ ಖರ್ಚು ಅತ್ಯಲ್ಪ.

ಹಾರಾಟವೊಂದರ ವೆಚ್ಚ

ಬ್ಯಾಟರಿಯ ಬೆಲೆಯನ್ನು ಕೊಂಡ ದಿನದ ಮೊತ್ತದಿಂದ ಅಳೆಯುವುದು ಸರಿಯಲ್ಲ. ಲೆಕ್ಕದ ರೀತಿಯನ್ನು ತಿಳಿಯಲು ಕಲ್ಪಿತ ಅಂಕಿಗಳನ್ನು ತೆಗೆದುಕೊಳ್ಳಬಹುದು. ಒಂದು ಬ್ಯಾಟರಿಗೆ ರೂ. 1,000, ಸಾಮರ್ಥ್ಯದ ಅಂಚಿನಲ್ಲಿಯೇ ದುಡಿಯುವುದರಿಂದ 60 ಹಾರಾಟಗಳಿಗೆ ಅದು ಮುಗಿಯುತ್ತದೆ. ಇನ್ನೊಂದಕ್ಕೆ ರೂ. 1,600, ಸಾಮರ್ಥ್ಯ ಮಿಗಿಲಾಗಿರುವುದರಿಂದ 160 ಹಾರಾಟಗಳಿಗೆ ಬರುತ್ತದೆ. ಮೊದಲನೆಯದರಲ್ಲಿ ಹಾರಾಟವೊಂದಕ್ಕೆ ರೂ. 16.67, ಎರಡನೆಯದರಲ್ಲಿ ರೂ. 10. ಅಗ್ಗವೆಂದು ಕೊಂಡದ್ದೇ ದುಬಾರಿ.

ಇದಕ್ಕೆ ಬಿಡಿಬಿಡಿಯಾಗಿ ಕೊಳ್ಳುವುದರ ವೆಚ್ಚವನ್ನೂ ಸೇರಿಸಬೇಕು. ಮೊದಲು ಬ್ಯಾಟರಿ ಕೊಂಡು ಮೋಟಾರು ಸುಟ್ಟು, ಬಳಿಕ ಮೋಟಾರು ಕೊಂಡು ನಿಯಂತ್ರಕ ಹೊಂದದೆ, ಕೊನೆಗೆ ಚಾರ್ಜರಿಗಾಗಿ ಮತ್ತೆ ಅಂಗಡಿಗೆ ಬರುವ ಗ್ರಾಹಕನು ಒಟ್ಟು ಜೋಡಣೆಯ ಬೆಲೆಗಿಂತ ಹೆಚ್ಚು ತೆತ್ತಿರುತ್ತಾನೆ. ಜೋಡಣೆಯನ್ನು ಒಂದೇ ಪೊಟ್ಟಣವಾಗಿ, ವಿಮಾನದ ತೂಕಕ್ಕೆ ತಕ್ಕಂತೆ ಎರಡು–ಮೂರು ಬಗೆಗಳಲ್ಲಿ ಸಿದ್ಧಪಡಿಸಿ, ಪ್ರತಿ ಬಗೆಯನ್ನೂ ವಾಟ್ ಮಾಪಕದಿಂದ ಅಳೆದು ಆಂಪಿಯರನ್ನು ಪೊಟ್ಟಣದ ಮೇಲೆಯೇ ಬರೆದಿಡುವ ವರ್ತಕನಿಗೆ ಮರಳಿ ಬರುವ ಸರಕು ಕಡಿಮೆಯಾಗುತ್ತದೆ. ಮಾಪಕಕ್ಕೆ ಮಾಡಿದ ಖರ್ಚು ಬಂಡವಾಳವೇ ಹೊರತು ದುಂದಲ್ಲ.

ಕೆಡುವ ಸರಕು

ಲಿಥಿಯಂ ಬ್ಯಾಟರಿಯನ್ನು ಕಬ್ಬಿಣದ ಸಾಮಾನಿನಂತೆ ದಾಸ್ತಾನು ಇಡಲಾಗದು. ಅದು ತರಕಾರಿಯಷ್ಟು ಬೇಗ ಅಲ್ಲದಿದ್ದರೂ ಕೆಡುವ ಸರಕೇ. ಪೂರ್ಣ ಚಾರ್ಜ್ ಆದ ಸ್ಥಿತಿಯಲ್ಲಿ, ಬೇಸಿಗೆಯ ಸೆಕೆಯಲ್ಲಿ ತಿಂಗಳುಗಟ್ಟಲೆ ಇಟ್ಟರೆ ಮಾರುವ ಮೊದಲೇ ಅದರ ಆಯುಷ್ಯ ಕುಗ್ಗುತ್ತದೆ. ಸೆಲ್ ಒಂದಕ್ಕೆ ಸುಮಾರು 3.8 ವೋಲ್ಟಿನಲ್ಲಿ, ತಂಪಾದ ಜಾಗದಲ್ಲಿ ಇಡುವುದು ಕ್ರಮ. ಮೊದಲು ಬಂದದ್ದನ್ನು ಮೊದಲು ಮಾರುವುದು, ಬಂದ ದಿನಾಂಕವನ್ನು ಬ್ಯಾಟರಿಯ ಮೇಲೆ ನಮೂದಿಸುವುದು, ಮೂರು ತಿಂಗಳಿಗೊಮ್ಮೆ ವೋಲ್ಟೇಜನ್ನು ಪರೀಕ್ಷಿಸುವುದು ಅವಶ್ಯ.

ವರ್ಷಾಂತ್ಯದಲ್ಲಿ ದಾಸ್ತಾನನ್ನು ಕೊಂಡ ಬೆಲೆ ಅಥವಾ ಮಾರಿದರೆ ನಿವ್ವಳವಾಗಿ ಬರಬಹುದಾದ ಬೆಲೆ, ಇವೆರಡರಲ್ಲಿ ಕಡಿಮೆಯಾದುದಕ್ಕೆ ಮೌಲ್ಯಮಾಪನ ಮಾಡಬೇಕೆಂಬುದು ಲೆಕ್ಕಪತ್ರ ಮಾನಕದ ನಿಯಮ. ಉಬ್ಬಿದ ಬ್ಯಾಟರಿಯ ಬೆಲೆ ಸೊನ್ನೆ. ಗಿರಾಕಿಯಿಲ್ಲದೆ ಉಳಿದ ಬ್ರಷ್ ಮೋಟಾರುಗಳ ಬೆಲೆಯೂ ಬಹುಪಾಲು ಅಷ್ಟೆ. ಅವನ್ನು ಕೊಂಡ ಬೆಲೆಯಲ್ಲಿಯೇ ಪುಸ್ತಕದಲ್ಲಿ ಉಳಿಸಿಕೊಂಡ ವರ್ತಕನು ಇಲ್ಲದ ಲಾಭವನ್ನು ತೋರಿಸಿ, ಅದರ ಮೇಲೆ ತೆರಿಗೆಯನ್ನೂ ಕಟ್ಟಿದಂತಾಗುತ್ತದೆ.

ಕಾನೂನಿನ ಕಟ್ಟಳೆಗಳು

ಲಿಥಿಯಂ ಅಯಾನ್ ಬ್ಯಾಟರಿಗಳ ಮೇಲಿನ ಸರಕು ಮತ್ತು ಸೇವಾ ತೆರಿಗೆಯನ್ನು 2018ರ ಜುಲೈ ತಿಂಗಳಲ್ಲಿ ಶೇ. 28ರಿಂದ ಶೇ. 18ಕ್ಕೆ ಇಳಿಸಲಾಯಿತು. ಪ್ರತ್ಯೇಕವಾಗಿ ಸಾಗಿಸುವ ಈ ಬ್ಯಾಟರಿಗಳನ್ನು ಪ್ರಯಾಣಿಕ ವಿಮಾನಗಳಲ್ಲಿ ಸರಕಾಗಿ ಒಯ್ಯುವುದನ್ನು 2016ರ ಏಪ್ರಿಲ್ 1ರಿಂದ ಅಂತರರಾಷ್ಟ್ರೀಯ ನಾಗರಿಕ ವಿಮಾನಯಾನ ಸಂಘಟನೆಯು ನಿಷೇಧಿಸಿತು. ಆದುದರಿಂದ ಆಮದಿನ ಸಾಗಣೆ ವೆಚ್ಚ ಮತ್ತು ಅವಧಿಯನ್ನು ಮೊದಲೇ ಅಂದಾಜಿಸಬೇಕು. 2022ರ ಬ್ಯಾಟರಿ ತ್ಯಾಜ್ಯ ನಿರ್ವಹಣಾ ನಿಯಮಗಳ ಪ್ರಕಾರ ಬ್ಯಾಟರಿಯನ್ನು ಆಮದು ಮಾಡಿ ಮಾರುವವನೂ 'ಉತ್ಪಾದಕ'ನೆನಿಸುತ್ತಾನೆ. ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿಯಲ್ಲಿ ನೋಂದಣಿ ಮತ್ತು ಹಳೆಯ ಬ್ಯಾಟರಿಗಳ ಮರುಸಂಗ್ರಹದ ಹೊಣೆ ಅವನಿಗೆ ಬರುತ್ತದೆ. ನೇರವಾಗಿ ವಿದೇಶದಿಂದ ಪೆಟ್ಟಿಗೆ ತರಿಸುವ ಸಣ್ಣ ವರ್ತಕರು ಈ ಅಂಶವನ್ನು ಮರೆಯಬಾರದು.

ಹಾರಿಸುವವರಿಗೆ 2021ರ ಡ್ರೋನ್ ನಿಯಮಗಳು ಅನ್ವಯಿಸುತ್ತವೆ. ಶಿಕ್ಷಣ, ಸಂಶೋಧನೆ ಅಥವಾ ಮನರಂಜನೆಗಾಗಿ, ಕಣ್ಣಳತೆಯೊಳಗೆ ಹಾರಿಸುವ, 25 ಕಿಲೋಗ್ರಾಂ ಮೀರದ ಮಾದರಿಗಳಿಗೆ ಮಾದರಿ ಪ್ರಮಾಣಪತ್ರದಿಂದ ಆ ನಿಯಮಗಳು ವಿನಾಯಿತಿ ನೀಡಿವೆ. ಆದರೆ ಹಸಿರು, ಹಳದಿ, ಕೆಂಪು ವಲಯಗಳ ಕಟ್ಟುಪಾಡು ಎಲ್ಲರಿಗೂ ಒಂದೇ. ಜಕ್ಕೂರು, ಯಲಹಂಕ, ಹಳೆಯ ವಿಮಾನ ನಿಲ್ದಾಣ ಇವೆಲ್ಲವನ್ನೂ ಒಡಲಲ್ಲಿಟ್ಟುಕೊಂಡ ಬೆಂಗಳೂರಿನಂಥ ನಗರದಲ್ಲಿ ಮೈದಾನವನ್ನು ಆರಿಸುವ ಮೊದಲು ವಾಯುಪ್ರದೇಶದ ನಕ್ಷೆಯನ್ನು ನೋಡಲೇಬೇಕು.

ಸಣ್ಣ ತಯಾರಕರಿಗೆ ಇರುವ ಅವಕಾಶ

ಬ್ರಷ್‌ರಹಿತ ಮೋಟಾರು ಅಗ್ಗವಾದ ಕಥೆಯು ಸಣ್ಣ ಕೈಗಾರಿಕೆಗಳಿಗೆ ಬೋಧಪ್ರದವಾದುದು. ಮೊದಮೊದಲು ಇಂಥ ಮೋಟಾರುಗಳು ಯೂರೋಪು, ಅಮೆರಿಕಗಳ ಕೆಲವೇ ಕಾರ್ಖಾನೆಗಳಿಂದ ಬರುತ್ತಿದ್ದ ದುಬಾರಿ ವಸ್ತುಗಳಾಗಿದ್ದವು. 2000ದ ದಶಕದ ಆರಂಭದಲ್ಲಿ ಹವ್ಯಾಸಿಗಳು ಗುಜರಿಗೆ ಬಿದ್ದ ಕಂಪ್ಯೂಟರ್ ಸಿ.ಡಿ. ಡ್ರೈವುಗಳಿಂದ ಪುಟ್ಟ ಮೋಟಾರನ್ನು ಕಳಚಿ, ಒಂಬತ್ತು ಹಲ್ಲುಗಳ ಅದರ ತಿರುಳಿಗೆ ದಪ್ಪ ತಂತಿಯನ್ನು ಸುತ್ತಿ, ಹನ್ನೆರಡು ನಿಯೋಡಿಮಿಯಂ ಆಯಸ್ಕಾಂತಗಳನ್ನು ಅಂಟಿಸಿ ವಿಮಾನ ಹಾರಿಸತೊಡಗಿದರು. ಮನೆಯ ಮೇಜಿನ ಮೇಲೆ ಆಗುವ ಕೆಲಸವೆಂದು ಸಾಬೀತಾದ ಮೇಲೆ ಚೀನಾದ ಕಾರ್ಖಾನೆಗಳು ಅದನ್ನು ಸಾವಿರ ಸಂಖ್ಯೆಯಲ್ಲಿ ತಯಾರಿಸಿದವು. ಬೆಲೆ ಕುಸಿಯಿತು.

ಇದರಲ್ಲಿರುವ ಕೌಶಲಗಳು ಕರ್ನಾಟಕಕ್ಕೆ ಹೊಸವಲ್ಲ. ಪಂಪ್‌ಸೆಟ್ ಮೋಟಾರಿಗೆ ಸುರುಳಿ ಸುತ್ತುವ ಕೈಗಳು ತಾಲ್ಲೂಕು ಕೇಂದ್ರಗಳಲ್ಲಿಯೂ ಇವೆ. ನಿಖರವಾಗಿ ಕಡೆಯುವ ಲೇತುಗಳು ಪೀಣ್ಯದಲ್ಲಿ ಸಾಲುಗಟ್ಟಿವೆ. ಸುರುಳಿಯ ಸುತ್ತು ಕಡಿಮೆಯಾದರೆ ಕೆವಿ ಏರುತ್ತದೆ, ಹೆಚ್ಚಾದರೆ ಇಳಿಯುತ್ತದೆ. ನಕ್ಷತ್ರ ಜೋಡಣೆಯನ್ನು ತ್ರಿಕೋನ ಜೋಡಣೆಗೆ ಬದಲಿಸಿದರೆ 1.73 ಪಟ್ಟು ಏರುತ್ತದೆ. ಪಂಪ್‌ಸೆಟ್ ಕೆಲಸಗಾರನಿಗೆ ಸ್ಟಾರ್–ಡೆಲ್ಟಾ ಎಂಬ ಪದ ಅಪರಿಚಿತವಲ್ಲ. ಹೊಸದಾಗಿ ಬೇಕಾದುದು ಸೂಕ್ಷ್ಮ ತಿರುಗುಭಾಗದ ಸಮತೋಲನ ಮತ್ತು ಶಾಖದ ಎಚ್ಚರ. ಸಾಮಾನ್ಯ ದರ್ಜೆಯ ನಿಯೋಡಿಮಿಯಂ ಆಯಸ್ಕಾಂತವು ಸುಮಾರು 80 ಡಿಗ್ರಿ ಸೆಲ್ಸಿಯಸ್ ಮೀರಿದರೆ ಬಲ ಕಳೆದುಕೊಳ್ಳುತ್ತದೆ.

ಬೇಡಿಕೆಯೂ ಆಟಿಕೆಗೆ ಸೀಮಿತವಾಗಿ ಉಳಿದಿಲ್ಲ. ಸಿದ್ಧ ಡ್ರೋನ್‌ಗಳ ಆಮದನ್ನು ಕೆಲವು ವಿನಾಯಿತಿಗಳೊಡನೆ ನಿಷೇಧಿಸಿದ 2022ರ ಫೆಬ್ರುವರಿ 9ರ ಅಧಿಸೂಚನೆಯು ಬಿಡಿಭಾಗಗಳ ಆಮದನ್ನು ಮುಕ್ತವಾಗಿಯೇ ಇರಿಸಿತು. ಡ್ರೋನ್ ಮತ್ತು ಅದರ ಬಿಡಿಭಾಗಗಳ ತಯಾರಿಕೆಗಾಗಿ 2021ರಲ್ಲಿ ಪ್ರಕಟಿಸಲಾದ ರೂ. 120 ಕೋಟಿಯ ಪ್ರೋತ್ಸಾಹಧನ ಯೋಜನೆಯು ಮೂರು ಆರ್ಥಿಕ ವರ್ಷಗಳಿಗೆ ಸೀಮಿತವಾಗಿತ್ತು. ಅದರ ಅರ್ಥವಿಷ್ಟೆ: ಡ್ರೋನ್ ಜೋಡಿಸುವವರು ಇಲ್ಲಿಯೇ ಇದ್ದಾರೆ, ಆದರೆ ಮೋಟಾರನ್ನು ಹೊರಗಿನಿಂದ ತರಿಸಲು ಅವರಿಗೆ ಅಡ್ಡಿಯಿಲ್ಲ. ಸ್ಥಳೀಯ ತಯಾರಕನು ಚೀನಾದ ಬೆಲೆಯೊಡನೆ ಸೆಣಸಿ ಗೆಲ್ಲುವುದು ಕಷ್ಟ. ಆದರೆ ಗ್ರಾಹಕನ ತೂಕ, ಪ್ರೊಪೆಲ್ಲರು, ವೋಲ್ಟೇಜುಗಳಿಗೆ ಹೊಂದುವ ಮೋಟಾರನ್ನು ಐವತ್ತೋ ನೂರೋ ಸಂಖ್ಯೆಯಲ್ಲಿ ಸುತ್ತಿ, ಅಳೆದು, ಅಂಕಿಅಂಶಗಳ ಹಾಳೆಯೊಡನೆ ಕೊಡುವ ಕೆಲಸವನ್ನು ದೂರದ ದೊಡ್ಡ ಕಾರ್ಖಾನೆ ವಹಿಸಿಕೊಳ್ಳುವುದು ವಿರಳ. ಸಣ್ಣ ತಯಾರಕನ ಸ್ಥಾನ ಅಲ್ಲಿದೆ.

ಆರಂಭದಲ್ಲಿ ಕಂಡ ಗ್ರಾಹಕನು ಕೇಳಿದ್ದು ಬ್ಯಾಟರಿಯನ್ನು, ಬಯಸಿದ್ದು ವಿಮಾನ ಮತ್ತೆ ಹಾರುವುದನ್ನು. "ವಿಮಾನದ ತೂಕವೆಷ್ಟು? ಮೋಟಾರು ಯಾವುದು? ಚಾರ್ಜರ್ ಇದೆಯೇ?" ಎಂಬ ಮೂರು ಪ್ರಶ್ನೆಗಳನ್ನು ವರ್ತಕನು ಅಂದೇ ಕೇಳಿದ್ದರೆ ಬಿಲ್ಲಿನ ಮೊತ್ತವೂ ಹಿರಿದಾಗುತ್ತಿತ್ತು, ಮೋಟಾರೂ ಸುಡುತ್ತಿರಲಿಲ್ಲ. ಸುಟ್ಟ ಮೋಟಾರಿನ ವಾದಕ್ಕೆ ಕಟ್ಟೆಯ ಮೇಲೆ ಕಳೆದ ಸಮಯವೂ ಉಳಿಯುತ್ತಿತ್ತು.